ರಿಸ್ಕ್ ಎಷ್ಟು ಅಂತ ಕೇಳಿದ್ವಿ, ಯಾರಿಗೆ ಅಂತ ಕೇಳಲೇ ಇಲ್ಲ

2020ರ ಜುಲೈ ತಿಂಗಳ ಒಂದು ರಾತ್ರಿ. ಒಂಬತ್ತು ಗಂಟೆಯ ಚರ್ಚೆ. ಮಾಸ್ಕ್ ಬೇಕಾ ಬೇಡ್ವಾ, ಅಂಗಡಿ ತೆಗೀಬೇಕಾ ಮುಚ್ಚಬೇಕಾ, ಅದೇ ವಿಷಯ. ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ನಾಲ್ಕು ತಿಂಗಳಿಂದ ಬಾಡಿಗೆ ಕಟ್ಟಲಾಗದ ವ್ಯಾಪಾರಿ. ವ್ಯಾಪಾರಿ ಕೂಗಿದರು, "ಸಾಯೋದು ನೂರಕ್ಕೆ ಇಬ್ಬರು ಸ್ವಾಮಿ, ಅದಕ್ಕೆ ತೊಂಬತ್ತೆಂಟು ಜನ ಉಪವಾಸ ಬೀಳಬೇಕಾ?" ಪ್ರಶ್ನೆ ಚೆನ್ನಾಗಿತ್ತು. ನಾನೂ ತಲೆ ಆಡಿಸಿದೆ. ಅಷ್ಟರಲ್ಲಿ ಒಂದು ಫೋನ್ ಕಾಲ್ ತಗೊಂಡ್ವಿ. ಹೆಣ್ಣುಮಗಳು. ಅತ್ತೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಬೇಕು, ಆಟೋದಲ್ಲಿ ಕರೆದುಕೊಂಡು ಹೋಗ್ತಾರಂತೆ. ಅವರು ಜಗಳ ಆಡಲಿಲ್ಲ. ಒಂದೇ ಮಾತು ಕೇಳಿದರು: "ಸಾರ್, ಆ ಇಬ್ಬರಲ್ಲಿ ನಮ್ಮ ಅತ್ತೆ ಇದ್ದಾರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ರೇಕ್ ತಗೊಂಡೆ.

ನಾನು ಇಂಜಿನಿಯರಿಂಗ್ ಓದಿದವನು. ಅಲ್ಲಿ ನಮಗೆ ಹೇಳಿಕೊಟ್ಟ ಲೆಕ್ಕ ಸರಳ. ಅನಾಹುತ ಆಗುವ ಸಾಧ್ಯತೆ ಎಷ್ಟು, ಆದರೆ ನಷ್ಟ ಎಷ್ಟು, ಎರಡನ್ನೂ ಗುಣಿಸು, ಬರೋದೇ ರಿಸ್ಕ್. ಆದರೆ ಆ ನಷ್ಟ ಯಾರ ಮನೆಯದು ಅನ್ನೋದಕ್ಕೆ ಆ ಸೂತ್ರದಲ್ಲಿ ಜಾಗವೇ ಇಲ್ಲ. ಕೊರೊನಾ ಕಾಲದ ನಮ್ಮ ಜಗಳಗಳೆಲ್ಲ ಹುಟ್ಟಿದ್ದು ಅಲ್ಲೇ ಅಂತ ನನಗೆ ಆಮೇಲೆ ಅನ್ನಿಸಿತು. ಈ ಜಗಳ ನಮ್ಮ ಕಾಲದ್ದು ಮಾತ್ರವಾ ಅಂತ ಹಿಂದೆ ತಿರುಗಿ ನೋಡಿದೆ. ಅಲ್ಲ ವೀಕ್ಷಕರೇ. ನೂರಿಪ್ಪತ್ತು ವರ್ಷಗಳ ಹಿಂದೆ ನಮ್ಮ ಅಕ್ಕಪಕ್ಕದ ಊರುಗಳಲ್ಲೇ ಇದೇ ಜಗಳ ಆಗಿತ್ತು. ರಕ್ತವೂ ಹರಿದಿತ್ತು.

1896ರ ಸೆಪ್ಟೆಂಬರ್. ಮುಂಬೈನ ಮಾಂಡವಿಯಲ್ಲಿ ಡಾಕ್ಟರ್ ಅಕಾಸಿಯೋ ವೀಗಸ್ ಅನ್ನೋರು ರೋಗಿಗಳನ್ನು ನೋಡಿ ಇದು ಪ್ಲೇಗ್ ಅಂದರು. ಮಾಂಡವಿ ಬಂದರಿನ ಪಕ್ಕದ ಕಿಕ್ಕಿರಿದ ಪ್ರದೇಶ, ದವಸ ಧಾನ್ಯದ ಗೋದಾಮುಗಳ ಸಾಲು. ಗೋದಾಮು ಇದ್ದಲ್ಲಿ ಇಲಿ. ಆದರೆ ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಮನುಷ್ಯರಿಗೆ ಬರುತ್ತೆ ಅನ್ನೋದು ಆಗ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಫ್ರೆಂಚ್ ವಿಜ್ಞಾನಿ ಪೌಲ್ ಲೂಯಿ ಸಿಮೋನ್ 1898ರಲ್ಲಿ ತೋರಿಸಿಕೊಟ್ಟರು, ಅದನ್ನು ವೈದ್ಯಲೋಕ ಒಪ್ಪಿಕೊಳ್ಳೋಕೆ ಇನ್ನೂ ಹಲವು ವರ್ಷ ಹಿಡಿಯಿತು. ಅಲ್ಲಿವರೆಗೆ ಸರ್ಕಾರಕ್ಕೆ ಗೊತ್ತಿದ್ದ ಮದ್ದು ಮೂರು. ರೋಗಿಯನ್ನು ಎತ್ತಿಕೊಂಡು ಹೋಗು, ಮನೆಯವರನ್ನು ಕ್ಯಾಂಪಿಗೆ ಹಾಕು, ಮನೆ ತೊಳಿ, ಸುಣ್ಣ ಬಳಿ, ಸಾಮಾನು ಸುಡು.

ಇದಕ್ಕೆಲ್ಲ ಒಂದು ಕಾನೂನು ಬೇಕಿತ್ತು. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ನಾಲ್ಕೇ ಸೆಕ್ಷನ್ನಿನ ಪುಟ್ಟ ಕಾಯ್ದೆ. ಸರ್ಕಾರ ಏನು ಬೇಕಾದರೂ ನಿಯಮ ಮಾಡಬಹುದು, ಮುರಿದವರಿಗೆ ಶಿಕ್ಷೆ, ಒಳ್ಳೆ ಉದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ಯಾರೂ ಕೇಸ್ ಹಾಕುವಂತಿಲ್ಲ. ರೋಗಿಯ ಹಕ್ಕಿನ ಬಗ್ಗೆ? ಒಂದಕ್ಷರ ಇಲ್ಲ. 2020ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಸರ್ಕಾರ ಕೋವಿಡ್ ನಿಯಮ ಹೊರಡಿಸಿದ್ದು ಇದೇ 1897ರ ಕಾಯ್ದೆಯ ಕೆಳಗೆ!

ಬ್ರಿಟಿಷರಿಗೆ ಅಷ್ಟು ಅವಸರ ಯಾಕಿತ್ತು? ಜನರ ಪ್ರಾಣದ ಚಿಂತೆ ಇರಲಿಲ್ಲ ಅಂತ ಹೇಳೋಕೆ ಆಗಲ್ಲ. ಆದರೆ ದೊಡ್ಡ ಚಿಂತೆ ವ್ಯಾಪಾರದ್ದು. ಮುಂಬೈನಿಂದ ಹೊರಟ ಹಡಗುಗಳನ್ನು ಯುರೋಪಿನ ಬಂದರುಗಳು ಒಳಗೆ ಬಿಡದಿದ್ದರೆ ಏನು ಗತಿ? 1897ರಲ್ಲೇ ವೆನಿಸ್‌ನಲ್ಲಿ ಅಂತಾರಾಷ್ಟ್ರೀಯ ಸಮ್ಮೇಳನ ಕೂತಿದ್ದು ಪ್ಲೇಗ್ ಬಗ್ಗೆಯೇ. ಅಂದರೆ ಮುನ್ನೆಚ್ಚರಿಕೆಯ ಕಷ್ಟ ಬಡವರ ಮನೆಗೆ, ಅದರ ಲಾಭ ಬಂದರಿಗೆ. ಜನಕ್ಕೆ ಇದರ ವಾಸನೆ ಬಡಿಯಿತು. 1896ರ ಅಕ್ಟೋಬರ್‌ನಲ್ಲೇ ಸುಮಾರು ಸಾವಿರ ಗಿರಣಿ ಕಾರ್ಮಿಕರು ಮುಂಬೈನ ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿದ್ದರು. ಅಲ್ಲಿಗೆ ಹೋದವರು ವಾಪಸ್ ಬರಲ್ಲ, ಬೇಕಂತಲೇ ಕೊಲ್ತಾರೆ ಅಂತ ಗಾಳಿಸುದ್ದಿ. ಸುದ್ದಿ ಸುಳ್ಳು. ಆದರೆ ಭಯ ಸುಳ್ಳಾಗಿರಲಿಲ್ಲ.

ಈಗ ಪುಣೆಗೆ ಬನ್ನಿ. 1897ರ ಫೆಬ್ರವರಿಯಲ್ಲಿ ಪ್ಲೇಗ್ ಕಮಿಟಿಯ ಅಧ್ಯಕ್ಷನಾಗಿ ಬಂದವನು ವಾಲ್ಟರ್ ಚಾರ್ಲ್ಸ್ ರಾಂಡ್, ಐಸಿಎಸ್ ಅಧಿಕಾರಿ. ಕೆಲಸಗಾರ. ಸೈನಿಕರ ತುಕಡಿಗಳನ್ನು ಬೀದಿಗೆ ಇಳಿಸಿದ. ಮನೆ ಮನೆ ತಪಾಸಣೆ. ಗೋರಾ ಸಿಪಾಯಿಗಳು ಅಡುಗೆಮನೆಗೆ, ದೇವರಮನೆಗೆ ನುಗ್ಗಿದರು. ಹೆಂಗಸರನ್ನು ಹೊರಗೆ ನಿಲ್ಲಿಸಿ ಮೈ ನೋಡುತ್ತಾರೆ ಅನ್ನೋ ಆಕ್ರೋಶ ಊರೆಲ್ಲ ಹಬ್ಬಿತು. ಜನರ ಭಾವನೆಗೆ ನೋವಾಗದಂತೆ ನಡೆದುಕೊಳ್ಳಿ ಅಂತ ಸೂಚನೆ ಇತ್ತು, ನಿಜ. ಅದು ಕಾಗದದ ಮೇಲೆ. ಬೀದಿಯಲ್ಲಿ ಬೂಟುಗಾಲು.

ಬಾಲಗಂಗಾಧರ ತಿಲಕರ ನಿಲುವು ಇಲ್ಲಿ ಗಮನಿಸಬೇಕು. ಅವರು ಪ್ಲೇಗ್ ಸುಳ್ಳು ಅನ್ನಲಿಲ್ಲ. ಊರು ಬಿಟ್ಟು ಓಡಿಹೋದ ಮುಖಂಡರನ್ನು ಟೀಕಿಸಿದರು, ತಾವು ಪುಣೆಯಲ್ಲೇ ಉಳಿದರು, ಹಿಂದೂಗಳಿಗಾಗಿ ಒಂದು ಪ್ಲೇಗ್ ಆಸ್ಪತ್ರೆ ತೆರೆಯೋದಕ್ಕೆ ನಿಂತರು. ಜೊತೆಗೇ 'ಕೇಸರಿ'ಯಲ್ಲಿ ರಾಂಡ್‌ನ ದರ್ಪದ ವಿರುದ್ಧ ಬರೆದರು. ಮುನ್ನೆಚ್ಚರಿಕೆ ಬೇಕು, ದರ್ಪ ಬೇಡ ಅನ್ನೋದು ಒಂದು ನಿಲುವು. ಆದರೆ ಜಗಳ ತಾರಕಕ್ಕೆ ಹೋದಾಗ ಇಂಥ ಮಧ್ಯದ ಮಾತು ಯಾರ ಕಿವಿಗೂ ಬೀಳಲ್ಲ. 1897ರ ಜೂನ್ 22, ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ರಾತ್ರಿ, ಗಣೇಶಖಿಂಡ್ ರಸ್ತೆಯಲ್ಲಿ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಲೆಫ್ಟಿನೆಂಟ್ ಏಯರ್ಸ್ಟ್ ಅಲ್ಲೇ ಸತ್ತ. ರಾಂಡ್ ಜುಲೈ 3ಕ್ಕೆ ಸತ್ತ. ದಾಮೋದರ ಚಾಪೇಕರ್ ಮರುವರ್ಷ ಗಲ್ಲಿಗೇರಿದರು. ತಿಲಕರಿಗೆ ರಾಜದ್ರೋಹದ ಕೇಸಿನಲ್ಲಿ 18 ತಿಂಗಳ ಜೈಲು.

ಶಾಲೆಯ ಪುಸ್ತಕದಲ್ಲಿ ನಾವು ಓದಿದ್ದು ಇಷ್ಟು. ಆದರೆ ಅದೇ ಪುಣೆ, ಅದೇ 1897, ಅದೇ ಪ್ಲೇಗ್. ಇನ್ನೊಂದು ಕಥೆ ಇದೆ.

ಸಾವಿತ್ರಿಬಾಯಿ ಫುಲೆ ಅವರಿಗೆ ಆಗ 66 ವರ್ಷ. ಅವರ ಮಗ ಯಶವಂತ ಡಾಕ್ಟರು. ಊರ ಹೊರಗೆ, ಹಡಪ್ಸರ್ ಹತ್ತಿರ ಪ್ಲೇಗ್ ರೋಗಿಗಳಿಗೆ ಒಂದು ಚಿಕಿತ್ಸಾಲಯ ತೆರೆದಿದ್ದರು. ಮುಂಢವಾ ಅನ್ನೋ ಹಳ್ಳಿಯ ದಲಿತ ಕೇರಿಯಲ್ಲಿ ಒಬ್ಬ ಹುಡುಗನಿಗೆ ಪ್ಲೇಗ್ ಬಡಿದಿದೆ ಅಂತ ಗೊತ್ತಾಯ್ತು. ಮುಟ್ಟಿಸಿಕೊಳ್ಳೋಕೇ ಸಮಾಜ ಹಿಂಜರಿಯುತ್ತಿದ್ದ ಮನೆಯ ಹುಡುಗ, ಅದರ ಮೇಲೆ ಮುಟ್ಟಿದರೆ ಅಂಟುತ್ತೆ ಅಂತ ಜನ ಹೆದರುತ್ತಿದ್ದ ರೋಗ. ಸಾವಿತ್ರಿಬಾಯಿ ಹೋಗಿ ಆ ಹುಡುಗನನ್ನು ಬೆನ್ನ ಮೇಲೆ ಹೊತ್ತು ತಂದರು. ಹುಡುಗ ಬದುಕಿದ. ಸಾವಿತ್ರಿಬಾಯಿಗೆ ರೋಗ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು.

ಸ್ವಲ್ಪ ಯೋಚನೆ ಮಾಡಿ. ರಾಂಡ್ ಮಾಡಿದ್ದೂ ಅದೇ ಕೆಲಸ, ರೋಗಿಯನ್ನು ಮನೆಯಿಂದ ಆಸ್ಪತ್ರೆಗೆ ಸಾಗಿಸೋದು. ಸಾವಿತ್ರಿಬಾಯಿ ಮಾಡಿದ್ದೂ ಅದೇ. ಒಬ್ಬರು ಸಿಪಾಯಿ ಕಳಿಸಿದರು, ಇನ್ನೊಬ್ಬರು ಬೆನ್ನು ಕೊಟ್ಟರು. ಎಲ್ಲರೂ ಹಾಗೆ ಪ್ರಾಣ ಕೊಡಬೇಕು ಅಂತ ನಾನು ಹೇಳ್ತಿಲ್ಲ, ಅದು ಅನ್ಯಾಯದ ಮಾತಾಗುತ್ತೆ. ಆದರೆ ಯಾರ ನಷ್ಟವನ್ನು ಯಾರು ಹೊರುತ್ತಾರೆ ಅನ್ನೋ ಪ್ರಶ್ನೆಗೆ ಅಲ್ಲಿ ಎರಡು ಉತ್ತರ ಸಿಕ್ಕಿತ್ತು.

ಲಸಿಕೆಯ ಜಗಳವೂ ಆಗಲೇ ಆಗಿದೆ. ಒಡೆಸ್ಸಾದಿಂದ ಬಂದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಮುಂಬೈನ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕೂತು ಪ್ಲೇಗ್ ಲಸಿಕೆ ತಯಾರಿಸಿದರು. 1897ರ ಜನವರಿ 10ರಂದು ಮೊದಲ ಚುಚ್ಚು ಚುಚ್ಚಿಕೊಂಡಿದ್ದು ಸ್ವತಃ ತಮಗೇ. ಜನ ಹೆದರಿದಾಗ ಆಗಾ ಖಾನ್ ತಮ್ಮ ಸಮುದಾಯದವರ ಎದುರೇ ಲಸಿಕೆ ಹಾಕಿಸಿಕೊಂಡರು. ಭಾಷಣ ಮಾಡಿ ಒಪ್ಪಿಸಲಿಲ್ಲ, ತೋಳು ಚಾಚಿ ಒಪ್ಪಿಸಿದರು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಅನ್ನೋ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಅವರನ್ನು ಹುದ್ದೆಯಿಂದ ಇಳಿಸಿದರು. ತಪ್ಪು ಅವರ ಪ್ರಯೋಗಾಲಯದ್ದಲ್ಲ ಅಂತ ಇತ್ಯರ್ಥ ಆಗೋ ಹೊತ್ತಿಗೆ 1907 ಬಂದಿತ್ತು. ಲಸಿಕೆಗೆ ಹೆದರಿದ ಜನರನ್ನು ಬರೀ ದಡ್ಡರು ಅಂತ ಕರೆಯೋಕೆ ಮುಂಚೆ ಈ ಹಳ್ಳಿಯನ್ನೂ ನೆನೆಯಬೇಕು.

ಇನ್ನು ನಮ್ಮ ಮೈಸೂರು ಸಂಸ್ಥಾನ. 1898ರ ಆಗಸ್ಟ್‌ನಲ್ಲಿ ಪ್ಲೇಗ್ ರೈಲು ಹತ್ತಿ ಬೆಂಗಳೂರಿಗೆ ಬಂತು. ಇಲ್ಲೂ ಜಗಳ ತಪ್ಪಲಿಲ್ಲ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಆ ವರ್ಷವೇ ಪ್ಲೇಗ್ ನಿಯಮಗಳ ವಿರುದ್ಧ ಜನ ದಂಗೆ ಎದ್ದರು. ಸಂಸ್ಥಾನ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಬೇಕು ಅನ್ನೋ ಒತ್ತಡದಲ್ಲಿ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೇಗ ಬೇಗ ಬೆಳೆದವು. ಅಗಲ ರಸ್ತೆ, ಮನೆ ಮನೆ ನಡುವೆ ಜಾಗ. ಇವತ್ತು ನಾವು ಮೆಚ್ಚಿಕೊಳ್ಳುವ ಆ ಬೀದಿಗಳ ಹಿಂದೆ ಪ್ಲೇಗ್ ಭಯ ಇದೆ. ಬೆಂಗಳೂರಿನ ಪ್ಲೇಗಮ್ಮನ ಗುಡಿಗಳ ಹಿಂದೆಯೂ ಅದೇ ಭಯ.

ಆ ವರ್ಷ ಬೆಂಗಳೂರಿನ ಪ್ಲೇಗ್ ಕ್ಯಾಂಪಿನಲ್ಲಿ ದುಡಿದ ಡಾಕ್ಟರೊಬ್ಬರ ಹೆಸರು ಪದ್ಮನಾಭನ್ ಪಲ್ಪು. ತಿರುವಾಂಕೂರಿನವರು, ಈಳವ ಜಾತಿ. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಬಂದರೂ, ಜಾತಿಯ ಕಾರಣಕ್ಕೆ ಅವರ ಸ್ವಂತ ಸಂಸ್ಥಾನ ಕೆಲಸ ಕೊಡಲಿಲ್ಲ. ಮೈಸೂರು ಕೊಟ್ಟಿತು. ಇಲ್ಲಿ ಸಾವಿನ ನಡುವೆ ನಿಂತು, ತಮ್ಮವರಲ್ಲದ ಜನರ ಸೇವೆ ಮಾಡಿದರು. ಯಾರನ್ನು ಊರು ಮುಟ್ಟಲ್ಲ ಅನ್ನುತ್ತಿತ್ತೋ, ಊರೇ ಮುಟ್ಟದ ರೋಗಿಗಳನ್ನು ಅವರು ಮುಟ್ಟಿದರು.

ಈಗ ವಾಪಸ್ 2020ಕ್ಕೆ ಬರೋಣ.

ಪ್ಲೇಗ್ ಕಾಲದ ಮುಂಬೈನಲ್ಲಿ ವಾಸಕ್ಕೆ ಯೋಗ್ಯವಲ್ಲದ ಮನೆ ಅಂತ ಗೋಡೆ ಮೇಲೆ ಮೂರು ಇಂಗ್ಲಿಷ್ ಅಕ್ಷರ ಬರೆದು ಹೋಗುತ್ತಿದ್ದರು. ನಾವೇನು ಮಾಡಿದ್ವಿ? ಕೈಗೆ ಮುದ್ರೆ ಒತ್ತಿದ್ವಿ, ಬಾಗಿಲಿಗೆ ಪೋಸ್ಟರ್ ಅಂಟಿಸಿದ್ವಿ. ಆ ಜುಲೈನಲ್ಲಿ ಬೆಂಗಳೂರಿನ ದೊಮ್ಮಲೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡು ಮನೆಗಳ ಬಾಗಿಲಿಗೆ ತಗಡು ಹೊಡೆದರು. ಒಳಗೆ ಜನ ಇದ್ದರು! ಪಾಲಿಕೆ ಆಮೇಲೆ ತಗಡು ತೆಗೆಸಿ ಕ್ಷಮೆ ಕೇಳಿತು. ಅದಕ್ಕೂ ಮುಂಚೆ ಬಳ್ಳಾರಿಯಲ್ಲಿ ಕೋವಿಡ್‌ನಿಂದ ಸತ್ತವರ ಶವಗಳನ್ನು ಗುಂಡಿಗೆ ಎಸೆಯುವ ವಿಡಿಯೋ ನೋಡಿದ್ವಿ. ಅಲ್ಲೂ ಜಿಲ್ಲಾಡಳಿತ ಕ್ಷಮೆ ಕೇಳಿತು. ಕಾಯಿಲೆ ಬಂದವರ ಮನೆ ಹತ್ತಿರ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಜನ ಕೈ ಮಾಡಿದ್ದನ್ನೂ ನೋಡಿದ್ವಿ. ದರ್ಪ ಮೇಲಿನಿಂದ ಮಾತ್ರ ಬರಲ್ಲ.

ನಾವು, ಟಿವಿಯವರು? ಬೇರೆಯವರ ತಪ್ಪು ಹೇಳಿದ ಮೇಲೆ ನಮ್ಮದನ್ನೂ ಹೇಳಬೇಕಲ್ವಾ. ಮನುಷ್ಯರಿಗೆ ಹೆಸರಿರಲಿಲ್ಲ ಆಗ, ಪಿ ನಂಬರ್ ಇತ್ತು. ಆ ನಂಬರ್ ಎಲ್ಲಿ ಓಡಾಡಿತು, ಯಾವ ಬಸ್ ಹತ್ತಿತು ಅಂತ ನಾವು ಕೆಂಪು ಗ್ರಾಫಿಕ್ಸ್ ಹಾಕಿ ಓದಿದ್ವಿ. ಊರಿನವರಿಗೆ ಮನೆ ಯಾವುದು ಅಂತ ಗೊತ್ತಾಗೋಕೆ ಅಷ್ಟು ಸಾಕಿತ್ತು. ಒಂದು ಇಡೀ ಸಮುದಾಯದ ಕಡೆ ಬೆರಳು ತೋರಿಸುವ ಕಾರ್ಯಕ್ರಮಗಳೂ ಹೋದವು. 2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ ತಬ್ಲಿಗಿ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡುತ್ತಾ, ಮಾಧ್ಯಮದ ಪ್ರಚಾರವನ್ನೂ ಟೀಕಿಸಿತು. ಆ ಟೀಕೆ ನನಗಲ್ಲ ಅಂತ ನಾನು ಹೇಳಲಾರೆ.

ಇನ್ನೊಂದು ಸಾಲು ನನ್ನನ್ನು ಹೆಚ್ಚು ಕಾಡುತ್ತೆ. ಪ್ರತಿ ಸಂಜೆ ಬುಲೆಟಿನ್ ಬರುತ್ತಿತ್ತು. ಸತ್ತವರ ವಯಸ್ಸು, ಪಕ್ಕದಲ್ಲಿ ಶುಗರ್, ಬಿಪಿ, ಕಿಡ್ನಿ ತೊಂದರೆ ಅಂತ. ನಾನು ಓದುತ್ತಿದ್ದೆ: "ಇವರಿಗೆ ಮೊದಲೇ ಬೇರೆ ಕಾಯಿಲೆ ಇತ್ತು." ಜನರಿಗೆ ಧೈರ್ಯ ತುಂಬೋಕೆ ಅಂತಲೇ ಓದಿದೆ. ಗಾಬರಿ ಬೇಡ, ನಿಮಗೇನೂ ಆಗಲ್ಲ ಅಂತ ಅದರ ಅರ್ಥ. ಯಾರಿಗೆ ಹೇಳ್ತಿದ್ದೆ ಅದನ್ನ? ಶುಗರ್ ಇರೋ ಅಪ್ಪ, ಕಿಡ್ನಿ ಹೋಗಿರೋ ಅತ್ತೆ, ಅವರೂ ಟಿವಿ ಮುಂದೆ ಕೂತಿದ್ದರಲ್ಲ! ಅವರಿಗೆ ನಾನು ಹೇಳಿದ್ದು, ನೀವು ಲೆಕ್ಕಕ್ಕಿಲ್ಲ ಅಂತ.

ಹಾಗಂತ ಆ ವ್ಯಾಪಾರಿ ತಪ್ಪಾ? ಅಲ್ಲ. ಅವರ ಅಂಗಡಿಯೂ ಒಂದು ಜೀವವೇ. ಲಾಕ್‌ಡೌನ್ ಅಂದಾಗ ಮನೆಯಲ್ಲಿ ಕೂರೋಕೆ ನನಗೆ ಸಂಬಳ ಇತ್ತು, ನಡೆದುಕೊಂಡೇ ಊರಿಗೆ ಹೊರಟ ಕೂಲಿಯವರಿಗೆ ಇರಲಿಲ್ಲ. ಮನೆಯಲ್ಲೇ ಇರಿ ಅಂತ ಸ್ಟುಡಿಯೋದಿಂದ ಬೈಯೋದೂ ಒಂಥರಾ ರಾಂಡ್‌ಗಿರಿಯೇ. ಮಾಸ್ಕ್ ವಿಷಯದಲ್ಲೂ ವಿಶ್ವ ಆರೋಗ್ಯ ಸಂಸ್ಥೆಯೇ ಮೊದಲು ಎಲ್ಲರಿಗೂ ಬೇಡ ಅಂದು, ಜೂನ್‌ನಲ್ಲಿ ಸಲಹೆ ಬದಲಿಸಿತು. ಗೊತ್ತಿಲ್ಲದ ಕಾಲದಲ್ಲಿ ಜಗಳ ಇರುತ್ತೆ. ಇರಬೇಕು ಕೂಡ. ಆದರೆ ಆ ಚರ್ಚೆಯಲ್ಲಿ ನಾನು ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು. ಅಂಗಡಿ ತೆರೆದರೆ ಡಯಾಲಿಸಿಸ್‌ಗೆ ಹೋಗೋ ಅಜ್ಜಿಗೆ ಏನು ವ್ಯವಸ್ಥೆ? ಮುಚ್ಚಿದರೆ ಬಾಡಿಗೆ ಕಟ್ಟೋರು ಯಾರು? ಇಬ್ಬರನ್ನೂ ಒಂದೇ ಕಡೆ ಕೂರಿಸಬಹುದಿತ್ತು. ನಾನು ಎದುರುಬದುರು ಕೂರಿಸಿದೆ, ಯಾಕಂದರೆ ಹಾಗೆ ಕೂರಿಸಿದರೇ ಚರ್ಚೆ ಕಾವೇರೋದು.

ಆ ರಾತ್ರಿ ಬ್ರೇಕ್ ಮುಗಿಸಿ ಬಂದಾಗ ಲೈನ್ ಕಟ್ ಆಗಿತ್ತು. ಅವರ ಹೆಸರನ್ನೂ ನಾನು ಕೇಳಿರಲಿಲ್ಲ. ಈಗ ಬುಲೆಟಿನ್‌ನಲ್ಲಿ ಯಾವುದೇ ಜ್ವರದ ಸುದ್ದಿ ಬಂದರೂ, "ಬೇರೆ ಕಾಯಿಲೆ ಇದ್ದವರಿಗೆ ಮಾತ್ರ ಅಪಾಯ" ಅನ್ನೋ ಸಾಲು ಸ್ಕ್ರಿಪ್ಟ್‌ನಲ್ಲಿದ್ದರೆ ಆ "ಮಾತ್ರ" ಅನ್ನೋ ಪದವನ್ನು ಹೊಡೆದುಹಾಕಿ ಓದ್ತೀನಿ. ದೊಡ್ಡ ಕೆಲಸ ಏನಲ್ಲ. ಎಲ್ಲೋ ಒಂದು ಮನೆಯಲ್ಲಿ ಆ ಅತ್ತೆ ಸೊಸೆ ಇನ್ನೂ ಟಿವಿ ನೋಡ್ತಿದ್ದರೆ, ಅವರಿಗೆ ಅಷ್ಟಾದರೂ ಸಲ್ಲಬೇಕು.