ಲೆಕ್ಕಕ್ಕೆ ಬಾರದ ಒಂದು ವರ್ಷ

ಯುರೋಪಿನ ಹುಡುಗ ಹುಡುಗಿಯರು ಈಗ ಒಂದು ಸೆಮಿಸ್ಟರ್ ಮಟ್ಟಿಗೆ ಬೇರೆ ದೇಶಕ್ಕೆ ಹೋಗಿ ಓದಿ ಬರುತ್ತಾರೆ. ಅಲ್ಲಿ ಪಾಸಾದ ಪರೀಕ್ಷೆ ತಮ್ಮೂರಿನ ಪದವಿಗೂ ಜಮೆಯಾಗುತ್ತದೆ. ಇದರ ಹಿಂದೆ ಒಬ್ಬ ಹೆಣ್ಣುಮಗಳು ಪಟ್ಟ ಅವಮಾನವಿದೆ ಎಂದು ತಿಳಿದಾಗ ನನಗೆ ಆಕೆ ನಮ್ಮ ಬೀದಿಯವಳೇ ಅನ್ನಿಸಿತು.

ರೋಮಿನ ಸೋಫಿಯಾ ಕೊರಾಡಿ ಕಾನೂನು ಓದುತ್ತಿದ್ದವರು. 1957ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಮಾಸ್ಟರ್ಸ್ ಪದವಿಯನ್ನೇ ತಂದರು. ಊರಿಗೆ ಮರಳಿ, ಆ ಓದನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳಿದರೆ, ವಿಶ್ವವಿದ್ಯಾಲಯದ ಕಚೇರಿಯಲ್ಲಿ ಎಲ್ಲರೆದುರು ಬೈಸಿಕೊಳ್ಳಬೇಕಾಯಿತು. ಉಳಿದ ಪರೀಕ್ಷೆಗಳನ್ನು ಬರೆದೇ ಪದವಿ ಪಡೆದರು. ನಮ್ಮಲ್ಲಾಗಿದ್ದರೆ, “ಹೋಗಲಿ ಬಿಡೇ, ಮದುವೆಗೇನೂ ಅಡ್ಡಿಯಿಲ್ಲವಲ್ಲ” ಎನ್ನುತ್ತಿದ್ದರೇನೋ!

ಈಕೆ ಬಿಡಲಿಲ್ಲ. ಇಟಲಿಯ ಕುಲಪತಿಗಳ ಪರಿಷತ್ತಿನಲ್ಲಿ ಕೆಲಸ ಮಾಡುತ್ತ 1969ರಲ್ಲಿ ಪ್ರಸ್ತಾವ ಬರೆದರು. ಆಮೇಲೆ ಹದಿನೆಂಟು ವರ್ಷ ಓಡಾಟ. ಒಂದು ಮಗು ಹುಟ್ಟಿ ಕಾಲೇಜು ಮೆಟ್ಟಿಲು ಹತ್ತುವಷ್ಟು ಕಾಲ ಅದು. 1987ರಲ್ಲಿ ಇರಾಸ್ಮಸ್ ಯೋಜನೆ ಬಂತು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಹೊರಟರು.

ಯೋಜನೆಗೆ ಹಾಲೆಂಡಿನ ಹಳೆಯ ಪಂಡಿತನ ಹೆಸರು. ‘ಮಮ್ಮಾ ಇರಾಸ್ಮಸ್’ ಎಂದು ಜನ ಕರೆದದ್ದು ಮಾತ್ರ ಈಕೆಯನ್ನು. 2025ರಲ್ಲಿ, 91ನೆಯ ವಯಸ್ಸಿನಲ್ಲಿ, ರೋಮಿನಲ್ಲೇ ತೀರಿಕೊಂಡರು.