ಜಿನ್ ಲೋಟದೊಳಗಿನ ಚಳಿಜ್ವರ

ಮೊದಲ ಸಲ ಜಿನ್ ಕುಡಿದಾಗ ನನಗೆ ನೆನಪಾದದ್ದು ಕೆಮ್ಮಿನ ಔಷಧಿ. ಮತ್ತೆ ಅದರ ತಂಟೆಗೇ ಹೋಗಿರಲಿಲ್ಲ. ಎಷ್ಟೋ ವರ್ಷಗಳ ನಂತರ ಗೆಳೆಯನೊಬ್ಬ ನಿಂಬೆರಸ ಬೆರೆಸಿ ಗಿಮ್ಲೆಟ್ ಮಾಡಿಕೊಟ್ಟ. ಇನ್ನೊಂದು ಸಂಜೆ ಜಿನ್ ಅಂಡ್ ಟಾನಿಕ್. ಹುಳಿಯ ಜೊತೆಗೂ ಕಹಿಯ ಜೊತೆಗೂ ಅದೇ ಜಿನ್ ಬೇರೆಯೇ ಆಗಿತ್ತು. ಆ ಹುಳಿ, ಆ ಕಹಿ ಎಲ್ಲಿಂದ ಬಂದವೆಂದು ಓದುತ್ತಾ ಹೋದಾಗ ತಿಳಿಯಿತು, ಮೊದಲ ದಿನ ನಾಲಿಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ.

ಜಿನ್‌ನ ಮೂಲ ಡಚ್ಚರ ಯೆನೇವರ್. ಧಾನ್ಯದಿಂದ ಭಟ್ಟಿ ಇಳಿಸಿದ ಮದ್ಯಕ್ಕೆ ಜುನಿಪರ್ ಕಾಯಿಯ ಘಮ ಸೇರಿಸಿದ್ದು. ಡಚ್ ರಾಜಕುಮಾರ ವಿಲಿಯಂ 1689ರಲ್ಲಿ ಇಂಗ್ಲೆಂಡಿನ ಪಟ್ಟವೇರಿದ ಮೇಲೆ ಫ್ರೆಂಚ್ ಬ್ರಾಂದಿಗೆ ತಡೆ ಬಿತ್ತು, ಸ್ವದೇಶಿ ಭಟ್ಟಿಗೆ ಉತ್ತೇಜನ ಸಿಕ್ಕಿತು. ಲಂಡನ್ನಿನ ಬಡವರ ಕೇರಿಗಳಲ್ಲಿ ಜಿನ್ ಹೊಳೆಯಾಗಿ ಹರಿಯಿತು. 1734ರಲ್ಲಿ ಜುಡಿತ್ ಡಿಫೋರ್ ಎಂಬ ಹೆಂಗಸು ತನ್ನ ಎಳೆಯ ಮಗುವನ್ನೇ ಕೊಂದು, ಅದರ ಹೊಸ ಬಟ್ಟೆ ಮಾರಿ ಜಿನ್ ಕುಡಿದು ಗಲ್ಲಿಗೇರಿದಳು. 1736ರಲ್ಲಿ ಸರ್ಕಾರ ಮಾರಾಟದ ಪರವಾನಗಿಗೆ 50 ಪೌಂಡ್ ವಿಧಿಸಿತು. ಕಳ್ಳವ್ಯಾಪಾರ ಬೆಳೆಯಿತೇ ಹೊರತು ಕುಡಿತ ನಿಲ್ಲಲಿಲ್ಲ. ಹೋಗಾರ್ತ್ ‘ಜಿನ್ ಲೇನ್’ ಚಿತ್ರ ಕೆತ್ತಿದ್ದು 1751ರಲ್ಲಿ. ಇಂಥ ಹೆಸರುಕೆಟ್ಟ ಪಾನೀಯ ಸಾಹೇಬರ ಮೇಜಿಗೆ ಏರಿದ್ದರಲ್ಲಿ ಔಷಧಿಗಳ ಪಾಲೂ ಇದೆ.

ಗಿಮ್ಲೆಟ್ಟಿನ ಹುಳಿ ಹಡಗಿನದು. ತಿಂಗಳುಗಟ್ಟಲೆ ಕಡಲಲ್ಲಿದ್ದ ನಾವಿಕರ ವಸಡು ಕೊಳೆತು, ಹಳೆಯ ಗಾಯಗಳು ಬಾಯಿ ಬಿಡುತ್ತಿದ್ದ ಸ್ಕರ್ವಿ ರೋಗಕ್ಕೆ ಕಿತ್ತಳೆ, ನಿಂಬೆ ಮದ್ದೆಂದು ವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ ಹನ್ನೆರಡು ರೋಗಿಗಳ ಮೇಲೆ ಪರೀಕ್ಷಿಸಿ ಕಂಡುಕೊಂಡ. ರಸ ಕೆಡದಂತೆ ಇಡಲು ಅದಕ್ಕೆ ಮದ್ಯ ಬೆರೆಸುತ್ತಿದ್ದರು. 1867ರಲ್ಲಿ ಲಾಕ್ಲನ್ ರೋಸ್ ಮದ್ಯವಿಲ್ಲದೆ ಅದನ್ನು ಕಾಪಿಡುವ ವಿಧಾನಕ್ಕೆ ಪೇಟೆಂಟ್ ಪಡೆದ. ತಮಾಷೆಯೆಂದರೆ, ಮದ್ಯ ಬೇಡವೆಂದು ತಯಾರಾದ ಆ ಸಿಹಿರಸವೇ ಕೊನೆಗೆ ಜಿನ್ ಜೊತೆ ಸೇರಿ ಗಿಮ್ಲೆಟ್ ಆಯಿತು.

ಟಾನಿಕ್‌ನ ಕಹಿ ಚಳಿಜ್ವರದ್ದು. ಇಲ್ಲಿ ನಮ್ಮ ನಾಡಿನ ಹೆಸರೂ ಬರುತ್ತದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಬ್ರಿಟಿಷ್ ಸೈನಿಕರು ಕ್ವಿನೈನ್ ನುಂಗಲಾರದೆ ಜಿನ್ ಬೆರೆಸಿಕೊಂಡರು, ಜಿನ್ ಅಂಡ್ ಟಾನಿಕ್ ಹುಟ್ಟಿದ್ದೇ ಅಲ್ಲಿ ಎಂಬ ಕಥೆಯನ್ನು ಬಾರುಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ನಾನೂ ಕೆಲವರಿಗೆ ಹೇಳಿದ್ದೆ. ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಕಥೆ ನಿಲ್ಲುವುದಿಲ್ಲ. ಸಿಂಕೋನ ತೊಗಟೆಯಿಂದ ಪೆಲೆಟಿಯೇ ಮತ್ತು ಕಾವೆಂತು ಕ್ವಿನೈನ್ ಬೇರ್ಪಡಿಸಿದ್ದು 1820ರಲ್ಲಿ. ಕ್ವಿನೈನ್ ಹಾಕಿದ ಟಾನಿಕ್ ನೀರಿಗೆ ಎರಾಸ್ಮಸ್ ಬಾಂಡ್ ಪೇಟೆಂಟ್ ಪಡೆದದ್ದು 1858ರಲ್ಲಿ. ನೀಲಗಿರಿಯಲ್ಲಿ ಸಿಂಕೋನ ತೋಟ ಎದ್ದದ್ದು 1860ರ ದಶಕದಲ್ಲಿ. ‘ಜಿನ್ ಅಂಡ್ ಟಾನಿಕ್’ ಎಂಬ ಮಾತು ಇಲ್ಲಿನ ಒಂದು ಕ್ರೀಡಾ ಪತ್ರಿಕೆಯಲ್ಲಿ ಕಾಣಿಸುವುದು 1868ರಲ್ಲಿ, ಅದೂ ಕುದುರೆ ಜೂಜಿನ ಸಂದರ್ಭದಲ್ಲಿ. ಅಂದರೆ ಆ ಹೊತ್ತಿಗೆ ಅದು ಮೋಜಿನ ಪಾನೀಯ.

ಕ್ವಿನೈನ್ ಮದ್ದೇನೋ ನಿಜ. ಆದರೆ ಇಂದಿನ ಟಾನಿಕ್ ನೀರಿನಲ್ಲಿ ಅದು ಲೀಟರಿಗೆ 83 ಮಿಲಿಗ್ರಾಂ ಮೀರಬಾರದೆಂಬುದು ಅಮೆರಿಕದ ನಿಯಮ. ಮಲೇರಿಯಾ ಚಿಕಿತ್ಸೆಯ ಒಂದು ದಿನದ ಕ್ವಿನೈನ್ ಹೊಟ್ಟೆಗೆ ಹೋಗಬೇಕಾದರೆ ಇಪ್ಪತ್ತು ಲೀಟರಿಗೂ ಹೆಚ್ಚು ಟಾನಿಕ್ ಕುಡಿಯಬೇಕು.

ಹಾಗಾದರೆ ಶ್ರೀರಂಗಪಟ್ಟಣದಲ್ಲಿ ನಡೆದದ್ದೇನು? ಜ್ವರ ಗೆದ್ದಿತು. ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದ ಕಾಲ. ಸೊಳ್ಳೆಯ ಪಾತ್ರವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿಯಲು 1897 ಬರಬೇಕಾಯಿತು. ಟಿಪ್ಪುವಿನ ಕೋಟೆ ಒಡೆದ ಸೈನ್ಯ ಕಾವೇರಿ ದಡದ ಜ್ವರಕ್ಕೆ ಬೆದರಿ 1809ರಲ್ಲಿ ಬೆಂಗಳೂರಿಗೆ ಬಂತು. ನಮ್ಮ ದಂಡು ಪ್ರದೇಶ ಹುಟ್ಟಿದ್ದು ಹಾಗೆ.

ಬಾರಿನ ಕಥೆಯಲ್ಲಿ ಜಾಣ ಸಾಹೇಬನೊಬ್ಬ ರೋಗವನ್ನು ಲೋಟದಲ್ಲಿ ಕರಗಿಸಿಬಿಡುತ್ತಾನೆ. ಆ ದ್ವೀಪದಲ್ಲಿ ನಡುಗುತ್ತಾ ಸತ್ತ ಸಿಪಾಯಿಗಳಿಗೂ ಊರಿನವರಿಗೂ ಅದರಲ್ಲಿ ಜಾಗವಿಲ್ಲ. ನಾನೀಗಲೂ ದಂಡು ಪ್ರದೇಶದಲ್ಲಿ ಕೂತು ಜಿನ್ ಅಂಡ್ ಟಾನಿಕ್ ಕುಡಿಯುತ್ತೇನೆ, ಖುಷಿಯಿಂದಲೇ. ಆ ಕಥೆಯನ್ನು ಮಾತ್ರ ಹೇಳುವುದು ಬಿಟ್ಟಿದ್ದೇನೆ.