ಮೊಜಿಲ್ಲಾ

ಜಾಲತಾಣಕ್ಕೆ ಬಂದವರ ಬ್ರೌಸರ್ ಯಾವುದೆಂದು ತಿಳಿಯಲು ಸರ್ವರ್‌ನಲ್ಲಿರುವ ಪಿಎಚ್‌ಪಿ ಕೋಡು ನೋಡುವುದು ‘ಯೂಸರ್ ಏಜೆಂಟ್’ ಎಂಬ ಸಾಲನ್ನು. ಬ್ರೌಸರ್ ತಾನಾಗಿಯೇ ಹೇಳಿಕೊಳ್ಳುವ ಹೆಸರು ಅದು. ಕ್ರೋಮ್ ಇರಲಿ, ಸಫಾರಿ ಇರಲಿ, ಸಾಲು ಶುರುವಾಗುವುದು ‘ಮೊಜಿಲ್ಲಾ/5.0’ ಎಂದೇ! ಆಗಿನ ಜನಪ್ರಿಯ ಬ್ರೌಸರ್ ಮೊಸಾಯಿಕ್ಕನ್ನು ಮಣಿಸುವ ಹುಮ್ಮಸ್ಸಿನಲ್ಲಿ, ಅದರ ಹೆಸರಿಗೆ ಜಪಾನಿ ಸಿನಿಮಾದ ದೈತ್ಯ ಗಾಡ್ಜಿಲ್ಲಾನನ್ನು ಬೆಸೆದು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯವರು ತಮ್ಮ ಬ್ರೌಸರ್‌ಗೆ ಇಟ್ಟುಕೊಂಡ ಒಳಗಿನ ಹೆಸರಿದು. ಕಿಟಕಿಯನ್ನು ಭಾಗ ಮಾಡುವ ‘ಫ್ರೇಮ್’ಗಳಿದ್ದ ಪುಟಗಳನ್ನು ಎಷ್ಟೋ ಸರ್ವರ್‌ಗಳು ಮೊಜಿಲ್ಲಾ ಎಂದವರಿಗಷ್ಟೇ ಕೊಡುತ್ತಿದ್ದವು. ಅವು ತನಗೂ ಸಿಗಲೆಂದು ಮೈಕ್ರೋಸಾಫ್ಟ್‌ನ ಬ್ರೌಸರ್ ಎಕ್ಸ್‌ಪ್ಲೋರರ್ ‘ನಾನೂ ಮೊಜಿಲ್ಲಾ’ ಎಂದು ವೇಷ ಹಾಕಿತು. ನಿಜವಾದ ಹೆಸರು ಆವರಣದೊಳಗೆ ಅಡಗಿತು. ಆಮೇಲೆ ಬಂದವರೂ ಅದನ್ನೇ ಮಾಡಿದರು. ಹಾಗಾಗಿ ಈ ಪದದಿಂದ ಈಗ ಏನೂ ತಿಳಿಯದು, ಮುಂದೆ ಹುಡುಕಬೇಕು. ಅಲ್ಲೂ ಕ್ರೋಮ್‌ನ ಸಾಲಿನಲ್ಲಿ ‘ಸಫಾರಿ’ ಇರುತ್ತದೆ, ಎಡ್ಜ್‌ನದರಲ್ಲಿ ‘ಕ್ರೋಮ್’, ‘ಸಫಾರಿ’ ಎರಡೂ. ಎಡ್ಜ್, ಆಮೇಲೆ ಕ್ರೋಮ್, ಕೊನೆಗೆ ಸಫಾರಿ: ಈ ಕ್ರಮದಲ್ಲೇ ಪರೀಕ್ಷಿಸಬೇಕು.